ಹೆಪ್ಪುಗಟ್ಟದ ನೀರಿನ ಹದ್ದುಗಳು

ಉತ್ತರ ಅಮೆರಿಕದಲ್ಲಿ ಚಳಿಗಾಲ ಬಲಿತು, ಕೆನಡಾ ಮತ್ತು ಅಮೆರಿಕ ಸಂಯುಕ್ತ ಸಂಸ್ಥಾನದ ಉತ್ತರ ಭಾಗದ ಕೆರೆ, ನದಿಗಳ ಮೇಲ್ಮೈ ಮಂಜುಗಡ್ಡೆಯಾಗತೊಡಗಿದಾಗ, ಮೀನನ್ನೇ ನೆಚ್ಚಿ ಬದುಕುವ ದೊಡ್ಡ ಬೇಟೆಹಕ್ಕಿಗೆ ಎರಡೇ ದಾರಿಗಳು ಉಳಿಯುತ್ತವೆ: ದಕ್ಷಿಣಕ್ಕೆ ಸರಿಯಬೇಕು, ಇಲ್ಲವೇ ಯಾವುದೋ ಕಾರಣದಿಂದ ಹೆಪ್ಪುಗಟ್ಟದೆ ಉಳಿದ ನೀರನ್ನು ಹುಡುಕಿಕೊಳ್ಳಬೇಕು. ಬೇಸಿಗೆಯಲ್ಲಿ ಜೋಡಿಜೋಡಿಯಾಗಿ ತಮ್ಮ ತಮ್ಮ ಸರಹದ್ದುಗಳಲ್ಲಿ ಚದುರಿ ಬಾಳುವ ಬಾಲ್ಡ್ ಈಗಲ್‌ಗಳು, ಅಂದರೆ ಬಿಳಿತಲೆಯ ಹದ್ದುಗಳು, ಚಳಿಗಾಲದಲ್ಲಿ ಕೆಲವೇ ತಾಣಗಳಲ್ಲಿ ನೂರುಗಟ್ಟಲೆ, ಅಪರೂಪಕ್ಕೆ ಸಾವಿರಗಟ್ಟಲೆ ನೆರೆಯುವುದು ಇದರಿಂದಲೇ. ಅವುಗಳನ್ನು ನೋಡಲು, ಚಿತ್ರ ತೆಗೆಯಲು ಜನರು ನವೆಂಬರಿನಿಂದ ಫೆಬ್ರುವರಿಯವರೆಗಿನ ಕೊರೆಯುವ ಚಳಿಯನ್ನೇ ಆರಿಸಿಕೊಳ್ಳುವುದಕ್ಕೂ ಇದೇ ಕಾರಣ. ಈ ಹಕ್ಕಿಯ ಛಾಯಾಗ್ರಹಣವು ಕ್ಯಾಮೆರಾದ ವಿದ್ಯೆಯಾಗುವ ಮೊದಲು ನೀರಿನ ವಿದ್ಯೆ. ನೀರು ಎಲ್ಲಿ ತೆರೆದಿರುತ್ತದೆ, ಮೀನು ಅಲ್ಲಿಗೆ ಏಕೆ ಬರುತ್ತದೆ, ಹಕ್ಕಿ ದಿನದ ಬಹುಪಾಲು ಏಕೆ ಕದಲದೆ ಕೂತಿರುತ್ತದೆ ಎಂಬುದನ್ನು ಅರಿಯದವರಿಗೆ ಎಷ್ಟು ಉದ್ದದ ಲೆನ್ಸ್ ಇದ್ದರೂ ಹೆಚ್ಚು ಪ್ರಯೋಜನವಾಗದು.

ಹೆಲಿಯೀಟಸ್ ಲ್ಯೂಕೊಸೆಫಾಲಸ್ ಎಂಬ ಶಾಸ್ತ್ರೀಯ ಹೆಸರಿನ ಈ ಹಕ್ಕಿ ಕಡಲಹದ್ದುಗಳ ಬಳಗಕ್ಕೆ ಸೇರಿದ್ದು, ಕರ್ನಾಟಕದ ಕರಾವಳಿಯಲ್ಲಿ, ಅದರಲ್ಲೂ ಮುರ್ಡೇಶ್ವರದ ಆಚೆಗಿನ ನೇತ್ರಾಣಿ ದ್ವೀಪದಲ್ಲಿ ಗೂಡು ಕಟ್ಟುವ ಬಿಳಿಹೊಟ್ಟೆಯ ಕಡಲಹದ್ದು ಇದರ ಸಮೀಪದ ನೆಂಟ. ಬಿಚ್ಚಿದ ರೆಕ್ಕೆಗಳ ತುದಿಯಿಂದ ತುದಿಗೆ ಸುಮಾರು 2 ಮೀಟರ್, ತೂಕ 3ರಿಂದ 6 ಕಿಲೋಗ್ರಾಂ. ಬೇಟೆಹಕ್ಕಿಗಳಲ್ಲಿ ಸಾಮಾನ್ಯವಾಗಿ ಕಾಣುವಂತೆ ಇಲ್ಲಿಯೂ ಹೆಣ್ಣು ಗಂಡಿಗಿಂತ ದೊಡ್ಡದು, ಅಲಾಸ್ಕಾದ ಹಕ್ಕಿಗಳು ಫ್ಲೋರಿಡಾದವುಗಳಿಗಿಂತ ದೊಡ್ಡವು. ಬಿಳಿ ತಲೆ, ಬಿಳಿ ಬಾಲ, ಹಳದಿ ಕೊಕ್ಕುಗಳ ಪರಿಚಿತ ರೂಪ ಹುಟ್ಟಿನಿಂದ ಬರುವುದಲ್ಲ. ಮೊದಲ ವರ್ಷದ ಮರಿ ಕೊಕ್ಕಿನವರೆಗೂ ಕಡುಕಂದು ಬಣ್ಣದ್ದು. ಎರಡನೆಯ ಮತ್ತು ಮೂರನೆಯ ವರ್ಷಗಳಲ್ಲಿ ಹೊಟ್ಟೆ ಹಾಗೂ ರೆಕ್ಕೆಯಡಿಗಳಲ್ಲಿ ಕ್ರಮವಿಲ್ಲದ ಬಿಳಿ ಮಚ್ಚೆಗಳು ಮೂಡುತ್ತವೆ. ನಾಲ್ಕನೆಯ ವರ್ಷದ ಸುಮಾರಿಗೆ ತಲೆ ಮಾಸಲು ಬಿಳಿಯಾಗಿ ಕಣ್ಣಿನ ಹಿಂದೆ ಕಪ್ಪು ಪಟ್ಟೆ ಉಳಿದಿರುತ್ತದೆ. ಐದನೆಯ ವರ್ಷಕ್ಕೆ ಪ್ರಾಯದ ಗರಿ ಪೂರ್ಣವಾಗುವಷ್ಟರಲ್ಲಿ ಕಂದಾಗಿದ್ದ ಕಣ್ಣೂ ತಿಳಿಹಳದಿಗೆ ತಿರುಗಿರುತ್ತದೆ. ಚಳಿಗಾಲದ ಹಿಂಡಿನಲ್ಲಿ ಈ ಎಲ್ಲ ವಯಸ್ಸಿನವೂ ಒಟ್ಟಿಗೆ ಇರುವುದರಿಂದ, ಬಿಳಿ ತಲೆಯನ್ನಷ್ಟೇ ಹುಡುಕುವ ಕಣ್ಣು ಹಿಂಡಿನ ಎಳೆಯ ಹಕ್ಕಿಗಳನ್ನೆಲ್ಲ ಬೇರೆ ಜಾತಿಯವೆಂದು ಬದಿಗೊತ್ತಿಬಿಡುವುದುಂಟು.

ಇಂದು ರಸ್ತೆಬದಿಯಲ್ಲಿ ನಿಂತು ಕಾಣಬಹುದಾದ ಈ ಹಕ್ಕಿ ಅರ್ಧ ಶತಮಾನದ ಹಿಂದೆ ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಕಣ್ಮರೆಯಾಗುವ ಹಂತ ತಲುಪಿತ್ತು. 1782ರಲ್ಲಿಯೇ ರಾಷ್ಟ್ರದ ಮಹಾಮುದ್ರೆಯನ್ನೇರಿದ್ದರೂ ಅದನ್ನು ಸಾಲ್ಮನ್ ಮೀನಿನ ಕಳ್ಳನೆಂದು ಬಗೆದ ಅಲಾಸ್ಕಾ, 1917ರಿಂದ 1953ರವರೆಗೆ ಹದ್ದು ಕೊಂದವರಿಗೆ ಬಹುಮಾನ ಕೊಡುತ್ತಿತ್ತು. ಆ ಅವಧಿಯಲ್ಲಿ 1 ಲಕ್ಷಕ್ಕೂ ಹೆಚ್ಚು ಹಕ್ಕಿಗಳು ಸತ್ತವು. ಎರಡನೆಯ ಮಹಾಯುದ್ಧದ ನಂತರ ಹೊಲಗಳಿಗೂ ಜೌಗುಗಳಿಗೂ ಸುರಿದ ಡಿಡಿಟಿ ಕೀಟನಾಶಕವು ನೀರಿನಿಂದ ಮೀನಿಗೆ, ಮೀನಿನಿಂದ ಹದ್ದಿಗೆ ಸೇರಿ, ಮೊಟ್ಟೆಯ ಚಿಪ್ಪಿಗೆ ಸುಣ್ಣದ ಅಂಶ ಕೂಡದಂತೆ ತಡೆದು, ಕಾವಿಗೆ ಕೂತ ತಾಯಿಯ ಭಾರಕ್ಕೇ ಮೊಟ್ಟೆ ಒಡೆಯುವಂತೆ ಮಾಡಿತು. 1963ರಲ್ಲಿ ಅಲಾಸ್ಕಾ ಮತ್ತು ಹವಾಯಿ ಬಿಟ್ಟು ಉಳಿದ 48 ರಾಜ್ಯಗಳಲ್ಲಿ ಗೂಡು ಕಟ್ಟಿದ್ದ ಜೋಡಿಗಳೆಂದು ಲೆಕ್ಕಕ್ಕೆ ಸಿಕ್ಕವು 417 ಮಾತ್ರ. 1972ರಲ್ಲಿ ಡಿಡಿಟಿ ನಿಷೇಧವಾಯಿತು. 2007ರಲ್ಲಿ ಈ ಹದ್ದು ಅಳಿವಿನಂಚಿನ ಜೀವಿಗಳ ಪಟ್ಟಿಯಿಂದ ಹೊರಬಂದಿತು. 2021ರಲ್ಲಿ ಅಮೆರಿಕದ ಮೀನು ಮತ್ತು ವನ್ಯಜೀವಿ ಸೇವೆ ಪ್ರಕಟಿಸಿದ ಅಂದಾಜಿನ ಪ್ರಕಾರ ಆ 48 ರಾಜ್ಯಗಳಲ್ಲಿ 3,16,700 ಹಕ್ಕಿಗಳಿದ್ದವು. ಸೋಜಿಗವೆಂದರೆ, ಕಾನೂನಿನ ಲೆಕ್ಕದಲ್ಲಿ ಇದು ಅಮೆರಿಕದ ರಾಷ್ಟ್ರಪಕ್ಷಿಯಾದದ್ದು 2024ರ ಡಿಸೆಂಬರಿನಲ್ಲಿ.

ಹೆಪ್ಪುಗಟ್ಟದ ನೀರಿನ ಮಹಿಮೆಯನ್ನು ಅರಿಯಲು ಅಲಾಸ್ಕಾದ ಆಗ್ನೇಯ ಮೂಲೆಯ ಚಿಲ್ಕಾಟ್ ನದಿಗಿಂತ ಒಳ್ಳೆಯ ಉದಾಹರಣೆ ಸಿಗದು. ಸಿರ್ಕು ಎಂಬ ಉಪನದಿ ಬೆಟ್ಟಗಳಿಂದಿಳಿದು ಚಿಲ್ಕಾಟನ್ನು ಕೂಡುವಲ್ಲಿ, ಸಾವಿರಾರು ವರ್ಷಗಳಿಂದ ಹೊತ್ತುತಂದ ಜಲ್ಲಿ, ಮರಳುಗಳು ಬೀಸಣಿಗೆಯಾಕಾರದಲ್ಲಿ ಹರಡಿ ದೊಡ್ಡದೊಂದು ಮೆಕ್ಕಲುದಿಬ್ಬವಾಗಿವೆ. ಬೇಸಿಗೆಯ ಹಿಮ ಕರಗಿದ ನೀರು ಈ ಜಲ್ಲಿಯೊಳಗೆ ಇಂಗಿ, ನೆಲದಡಿಯಲ್ಲಿ ಸಂಗ್ರಹವಾಗಿ, ಚಳಿಗಾಲವಿಡೀ ನದಿಯ ತಳದಿಂದ ನಿಧಾನವಾಗಿ ಒಸರುತ್ತದೆ. ನೆಲದಡಿಯಿಂದ ಬರುವ ಈ ನೀರು ಮೇಲಿನ ನೀರಿಗಿಂತ ತುಸು ಬೆಚ್ಚಗಿರುವುದರಿಂದ, ಸುತ್ತಲಿನ ನದಿ, ತೊರೆಗಳೆಲ್ಲ ಗಡ್ಡೆ ಕಟ್ಟಿದ ಮೇಲೂ ಕೆಲವು ಕಿಲೋಮೀಟರ್ ಉದ್ದದ ಒಂದು ಭಾಗ ಮಾತ್ರ ಹರಿಯುತ್ತಲೇ ಇರುತ್ತದೆ. ಚಮ್ ಎಂಬ ಜಾತಿಯ ಸಾಲ್ಮನ್ ಮೀನುಗಳು ಸಮುದ್ರದಿಂದ ತಡವಾಗಿ, ಶರತ್ಕಾಲದ ಕೊನೆಗೆ, ಮೊಟ್ಟೆಯಿಡಲು ಇಲ್ಲಿಗೆ ಏರಿ ಬರುತ್ತವೆ. ಮೊಟ್ಟೆಯಿಟ್ಟ ಮೇಲೆ ಸಾಯುವುದು ಈ ಮೀನಿನ ಜೀವನಕ್ರಮವಾದ್ದರಿಂದ ದಡದುದ್ದಕ್ಕೂ ಸತ್ತ ಹಾಗೂ ಸಾಯುತ್ತಿರುವ ಮೀನುಗಳು ಬಿದ್ದಿರುತ್ತವೆ. ಬೇರೆಲ್ಲೂ ಆಹಾರ ಸಿಗದ ಹೊತ್ತಿನಲ್ಲಿ ಬಡಿಸಿಟ್ಟ ಈ ಊಟಕ್ಕೆ ನವೆಂಬರಿನ ಹೊತ್ತಿಗೆ 3,000ದಷ್ಟು ಹದ್ದುಗಳು ಸೇರುವ ವರ್ಷಗಳುಂಟು.

1982ರಲ್ಲಿ ಈ ಕಣಿವೆಯ ಸುಮಾರು 48,000 ಎಕರೆಯನ್ನು ಹದ್ದುಗಳಿಗಾಗಿಯೇ ಕಾದಿಡಲಾಯಿತು. ಹೇನ್ಸ್ ಪಟ್ಟಣದಿಂದ ಹೊರಡುವ ಹೆದ್ದಾರಿ 18ನೆಯ ಮೈಲಿಯಿಂದ 24ನೆಯ ಮೈಲಿಯವರೆಗೆ ನದಿಯ ಅಂಚಿನಲ್ಲೇ ಸಾಗುತ್ತದೆ. ಅಲ್ಲಲ್ಲಿ ವಾಹನ ನಿಲ್ಲಿಸಲು ಜಾಗವೂ ಕಾಲುದಾರಿಯೂ ಇದ್ದು, ನದಿಯ ಮರಳುಬಯಲಿಗೆ ಇಳಿಯದೆ ರಸ್ತೆಯ ಬದಿಯಲ್ಲೇ ನಿಲ್ಲಬೇಕೆಂಬುದು ಸಂದರ್ಶಕರಿಗೆ ಅಲ್ಲಿಯ ಕೋರಿಕೆ. ಸಮೀಪದ ಕ್ಲುಕ್ವಾನ್ ಹಳ್ಳಿ ಟ್ಲಿಂಗಿಟ್ ಮೂಲನಿವಾಸಿಗಳದು. ಅವರ ಸಮಾಜ ಕಾಗೆಯ ಜಾತಿಯ ರೇವನ್ ಹಾಗೂ ಹದ್ದು ಎಂಬ ಎರಡು ಪಂಗಡಗಳಾಗಿ ವಿಂಗಡಿಸಲ್ಪಟ್ಟಿದ್ದು, ಒಂದು ಪಂಗಡದವರು ಇನ್ನೊಂದರಿಂದ ಹೆಣ್ಣು, ಗಂಡು ತರುವುದು ಪರಂಪರೆ. ನವೆಂಬರ್ ಕೊನೆಗೆ ಇಲ್ಲಿ ಹಗಲೆಂದರೆ ಸುಮಾರು 7 ಗಂಟೆ. ಬೆಟ್ಟಗಳ ನೆರಳು ಕಳೆದರೆ ಬಿಸಿಲು ಸಿಗುವುದು ಇನ್ನೂ ಕಡಿಮೆ, ಅದೂ ಮೋಡವಿಲ್ಲದಿದ್ದರೆ. ಹಾಗಿದ್ದೂ ಛಾಯಾಗ್ರಾಹಕರು ಇಲ್ಲಿಗೆ ಬರುವುದು ಹಾರಾಟಕ್ಕಿಂತ ಜಗಳಕ್ಕಾಗಿ. ನೀರಿನಿಂದ ಭಾರವಾದ ಮೀನನ್ನು ಎಳೆದು ತಂದು ತಿನ್ನತೊಡಗಿದ ಹಕ್ಕಿಯ ಮೇಲೆ ಹಸಿದ ಇನ್ನೊಂದು ಹಕ್ಕಿ ರೆಕ್ಕೆ ಬಿಚ್ಚಿ ಉಗುರು ಚಾಚಿ ಎರಗುತ್ತದೆ. ಮೊದಲಿನದು ಕತ್ತನ್ನು ಹಿಂದಕ್ಕೆಳೆದು ಕೂಗಿ, ಒಮ್ಮೊಮ್ಮೆ ಎದುರಿಸಿ, ಬಹಳಷ್ಟು ಸಲ ಹಿಂದೆ ಸರಿದು ಜಾಗ ಬಿಡುತ್ತದೆ. ಕೆಲವು ನಿಮಿಷಗಳಲ್ಲಿ ಕಿತ್ತುಕೊಂಡವನಿಂದಲೂ ಮೂರನೆಯವನು ಕಿತ್ತುಕೊಳ್ಳುತ್ತಾನೆ. ಗಾಯವಾಗುವುದು ವಿರಳ. ಮೀನಿಗಾಗಿ ನೀರಿಗಿಳಿದು ಒದ್ದೆಯಾಗುವುದಕ್ಕಿಂತ ನೆರೆಯವನನ್ನು ಬೆದರಿಸುವುದು ಅಗ್ಗವೆಂಬ ಲೆಕ್ಕಾಚಾರ ಈ ಜಗಳಗಳ ಹಿಂದಿದೆ. 1784ರಲ್ಲಿ ಮಗಳಿಗೆ ಬರೆದ ಪತ್ರದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಈ ಹಕ್ಕಿಯ ನಡತೆಯನ್ನು ಹೀಗಳೆದದ್ದು, ಆಸ್ಪ್ರೇ ಎಂಬ ಮೀನುಬೇಟೆಯ ಹಕ್ಕಿಯಿಂದ ಅದು ಮೀನನ್ನು ಕಸಿಯುವುದನ್ನು ಮುಂದಿಟ್ಟುಕೊಂಡೇ. ನೀತಿಯ ಅಳತೆಗೋಲನ್ನು ಬದಿಗಿಟ್ಟರೆ, ಚಳಿಯಲ್ಲಿ ಶಕ್ತಿ ಉಳಿಸುವ ಉಪಾಯವಾಗಿ ಅದಕ್ಕೆ ಹೆಸರಿಡುವಂತಿಲ್ಲ.

ಚಿಲ್ಕಾಟಿನಲ್ಲಿ ಭೂಮಿ ಮಾಡುವ ಕೆಲಸವನ್ನು ಮೇರಿಲ್ಯಾಂಡ್ ರಾಜ್ಯದ ಕೊನೊವಿಂಗೊದಲ್ಲಿ ಒಂದು ಅಣೆಕಟ್ಟು ಮಾಡುತ್ತದೆ. ಸಸ್ಕ್ವೆಹಾನ ನದಿ ಚೆಸಪೀಕ್ ಕೊಲ್ಲಿಯನ್ನು ಸೇರುವುದಕ್ಕೆ ಸುಮಾರು 16 ಕಿಲೋಮೀಟರ್ ಮೊದಲು, 1928ರಲ್ಲಿ ಕಟ್ಟಿ ಮುಗಿಸಿದ ಈ ಜಲವಿದ್ಯುತ್ ಕಟ್ಟೆಯ ಟರ್ಬೈನುಗಳ ಮೂಲಕ ನೀರು ನುಗ್ಗುವಾಗ, ಅದರೊಡನೆ ಸೆಳೆದುಕೊಂಡು ಬಂದ ಮೀನುಗಳು ಸತ್ತು ಅಥವಾ ದಿಕ್ಕುತಪ್ಪಿ ಕೆಳಗಿನ ಹೊಳೆಯ ಮೇಲ್ಮೈಯಲ್ಲಿ ತೇಲುತ್ತವೆ. ನೊರೆಯೆಬ್ಬಿಸಿ ಹರಿಯುವ ನೀರು ಹೆಪ್ಪುಗಟ್ಟುವುದೂ ಇಲ್ಲ. ಟರ್ಬೈನು ಚಾಲೂ ಆಗುವ ಮುನ್ನ, ಕೆಳಗಿರುವ ಬೆಸ್ತರೂ ಸಂದರ್ಶಕರೂ ದಡಕ್ಕೆ ಸರಿಯಲೆಂದು ಸೈರನ್ ಕೂಗಿ ಕೆಂಪು ದೀಪಗಳು ಮಿನುಗುತ್ತವೆ. ಜನರಿಗಾಗಿ ಇಟ್ಟ ಈ ಎಚ್ಚರಿಕೆ ಛಾಯಾಗ್ರಾಹಕರಿಗೆ ಊಟದ ಗಂಟೆ: ನವೆಂಬರಿನಲ್ಲಿ ದಡದ ಉದ್ಯಾನದ ಬೇಲಿಯುದ್ದಕ್ಕೂ ಟ್ರೈಪಾಡುಗಳು ಭುಜಕ್ಕೆ ಭುಜ ತಾಗುವಂತೆ ನಿಂತಿದ್ದು, ಸೈರನ್ ಕೇಳಿದೊಡನೆ ಕಾಫಿಯ ಲೋಟಗಳು ಕೆಳಗಿಳಿದು ಎಲ್ಲ ಲೆನ್ಸ್‌ಗಳೂ ನೀರಿನತ್ತ ತಿರುಗುತ್ತವೆ. ಉದ್ಯಾನ ನದಿಯ ನೈಋತ್ಯ ದಡದಲ್ಲಿರುವುದರಿಂದ ಮಧ್ಯಾಹ್ನದ ಬಿಸಿಲು ನೋಡುಗರ ಬೆನ್ನಿಗೆ ಬಿದ್ದು, ಹಕ್ಕಿಯ ಮುಖವನ್ನು ಬೆಳಗುತ್ತದೆ. ಇಲ್ಲಿನ ವಾಹನ ನಿಲ್ದಾಣದಲ್ಲಿ ಕಪ್ಪು ರಣಹದ್ದುಗಳದ್ದೇ ಇನ್ನೊಂದು ದಂಡಿದೆ. ಅವುಗಳಿಗೆ ಕಾರಿನ ವೈಪರ್ ಮತ್ತು ಕಿಟಕಿಯಂಚಿನ ರಬ್ಬರನ್ನು ಕಿತ್ತು ಎಳೆಯುವ ಚಟವಿರುವುದರಿಂದ ಬಲ್ಲವರು ಕಾರಿಗೆ ಟಾರ್ಪಾಲು ಹೊದಿಸಿಯೇ ನದಿಗೆ ಹೋಗುತ್ತಾರೆ. ಹದ್ದು ನೋಡಲು ಹೋದವರ ಕಾರನ್ನು ರಣಹದ್ದು ನೋಡಿಕೊಳ್ಳುತ್ತದೆ ಎಂಬಂತಾಗಬಾರದಷ್ಟೆ.

ಇದೇ ತತ್ತ್ವದಿಂದ ಮಿಸಿಸಿಪಿ ನದಿಯ ಒಡ್ಡುಗಳ ಕೆಳಗೆ, ಅಯೋವಾದ ಲಕ್ಲೇರ್ ಮತ್ತು ಕಿಯೊಕಕ್ ಬಳಿ, ಜನವರಿಯಲ್ಲಿ ಹದ್ದುಗಳು ಸೇರುತ್ತವೆ. ವಾಷಿಂಗ್ಟನ್ ರಾಜ್ಯದ ಸ್ಕಾಜಿಟ್ ನದಿಯಲ್ಲಿ ಮತ್ತು ಬ್ರಿಟಿಷ್ ಕೊಲಂಬಿಯಾದ ಬ್ರಾಕೆಂಡೇಲಿನಲ್ಲಿ ಮತ್ತೆ ಚಮ್ ಸಾಲ್ಮನ್ನಿನದೇ ಸೆಳೆತ. ಬ್ರಾಕೆಂಡೇಲಿನ 1994ರ ಗಣತಿಯಲ್ಲಿ 3,769 ಹಕ್ಕಿಗಳು ಸಿಕ್ಕಿದ್ದವು.

ತಾಣ ಗೊತ್ತಾದ ಮೇಲೆ ಎದುರಾಗುವ ಮೊದಲ ತೊಡಕು ಹಕ್ಕಿಯ ಬಣ್ಣದ್ದೇ. ಕ್ಯಾಮೆರಾದ ಬೆಳಕಿನ ಮಾಪಕವು ತನ್ನ ಮುಂದಿರುವ ದೃಶ್ಯವನ್ನೆಲ್ಲ ಒಟ್ಟಾಗಿ ನಡುಮಟ್ಟದ ಬೂದುಬಣ್ಣಕ್ಕೆ ತರಲು ನೋಡುತ್ತದೆ. ಕಡುಕಂದು ಮೈಯೂ ಹಿಂದಿನ ಕಪ್ಪು ಕಾಡೂ ಚೌಕಟ್ಟನ್ನು ತುಂಬಿದ್ದರೆ ಅದು ಬೆಳಕನ್ನು ಹೆಚ್ಚಿಸುತ್ತದೆ, ಆಗ ತಲೆಯ ಗರಿಗಳ ವಿವರವೆಲ್ಲ ಅಳಿದು ಬರಿಯ ಸುಣ್ಣದ ಬಿಳುಪು ಉಳಿಯುತ್ತದೆ. ಹಿಂದೆ ಹಿಮ ಅಥವಾ ಬೆಳ್ಳನೆಯ ಆಕಾಶವಿದ್ದರೆ ಬೆಳಕನ್ನು ತಗ್ಗಿಸುತ್ತದೆ, ಆಗ ಹಕ್ಕಿಯೇ ಕರಿನೆರಳಾಗುತ್ತದೆ. ಕಾಡಿನ ಮುಂದಿನಿಂದ ಹೊರಟು ನೀರಿನ ಮೇಲೆ ಹಾದು ಆಕಾಶಕ್ಕೇರುವ ಹಕ್ಕಿಯ ಹಿನ್ನೆಲೆ ಮೂರು ಕ್ಷಣಗಳಲ್ಲಿ ಮೂರು ಬಗೆಯಾದರೂ ಅದರ ಮೇಲೆ ಬೀಳುವ ಬಿಸಿಲು ಬದಲಾಗುವುದಿಲ್ಲ. ಆದಕಾರಣ ಅನುಭವಿಗಳು ಮಾಪಕದ ಮಾತು ಕೇಳದೆ, ಅದೇ ಬಿಸಿಲಿನಲ್ಲಿ ಕೂತಿರುವ ಹಕ್ಕಿಯೊಂದರ ಬಿಳಿ ತಲೆಯಲ್ಲಿ ಗರಿಗಳ ಗೆರೆ ಕಾಣುವಷ್ಟಕ್ಕೆ ಎಕ್ಸ್‌ಪೋಷರನ್ನು, ಎಂದರೆ ಸೆನ್ಸರಿಗೆ ತಲುಪಬೇಕಾದ ಬೆಳಕಿನ ಪ್ರಮಾಣವನ್ನು, ಕೈಯಾರೆ ನಿಗದಿಪಡಿಸಿ, ಮೋಡ ಕವಿಯುವವರೆಗೆ ಅದನ್ನು ಮುಟ್ಟುವುದಿಲ್ಲ. ಹುಬ್ಬಿನಂತೆ ಮುಂಚಾಚಿದ ಎಲುಬು ನಡುಹಗಲಿನಲ್ಲಿ ಕಣ್ಣಿಗೆ ನೆರಳು ಕವಿಸುತ್ತದೆ. ಚಳಿಗಾಲದ ಸೂರ್ಯ ದಿನವಿಡೀ ಕೆಳಗೇ ಇರುವುದರಿಂದ ಆ ನೆರಳಿನಡಿಗೂ ಬೆಳಕು ನುಸುಳಿ ತಿಳಿಹಳದಿ ಕಣ್ಣಿನಲ್ಲಿ ಹೊಳಪಿನ ಚುಕ್ಕೆ ಮೂಡುತ್ತದೆ. ನೆಲದ ಹಿಮವೂ ಸುಮ್ಮನಿರುವುದಿಲ್ಲ: ಅದರಿಂದ ಪುಟಿದ ಬೆಳಕು ಬೇಸಿಗೆಯ ಚಿತ್ರಗಳಲ್ಲಿ ಕಪ್ಪಾಗಿಯೇ ಉಳಿಯುವ ರೆಕ್ಕೆಯ ಕೆಳಭಾಗವನ್ನು ಬೆಳಗುತ್ತದೆ.

ಗಾಳಿಯ ದಿಕ್ಕು ಬೆಳಕಿನಷ್ಟೇ ಮುಖ್ಯವಾದರೂ ಹೊಸಬರು ಅದನ್ನು ಗಮನಿಸುವುದು ಕಡಿಮೆ. ಭಾರದ ಹಕ್ಕಿಯಾದ್ದರಿಂದ ಹದ್ದು ಏರುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಗಾಳಿ ನೋಡುಗನ ಬೆನ್ನ ಹಿಂದಿನಿಂದ ಬೀಸುತ್ತಿದ್ದರೆ ಹಕ್ಕಿ ಅವನ ಕಡೆಗೆ ಮುಖ ಮಾಡಿ ಬರುತ್ತದೆ, ಎದುರಿನಿಂದ ಬೀಸುತ್ತಿದ್ದರೆ ದಿನವೆಲ್ಲ ಬಾಲವನ್ನೇ ತೋರಿಸುತ್ತದೆ. ಹಾರುವ ಮುನ್ನಿನ ಸೂಚನೆಗಳೂ ಇವೆ: ಗಂಟೆಗಟ್ಟಲೆ ಕಲ್ಲಾಗಿ ಕೂತಿದ್ದ ಹಕ್ಕಿ ನೀರಿನ ಒಂದೇ ಕಡೆಗೆ ದೃಷ್ಟಿ ನೆಟ್ಟು, ಕೊಂಬೆಯ ಮೇಲೆ ಕಾಲು ಬದಲಿಸಿ, ಬಾಲವೆತ್ತಿ ಹಿಕ್ಕೆ ಹಾಕಿ ಮೈ ಹಗುರ ಮಾಡಿಕೊಂಡು, ಮುಂದಕ್ಕೆ ಬಾಗಿತೆಂದರೆ ಬೆರಳು ಗುಂಡಿಯ ಮೇಲಿರಬೇಕು. ಹಾರಾಟಕ್ಕೆ ಸೆಕೆಂಡಿನ 2,000ದ ಒಂದು ಭಾಗ ಅಥವಾ ಅದಕ್ಕೂ ಚುರುಕಾದ ಶಟರ್ ವೇಗ, ಅಂದರೆ ಸೆನ್ಸರಿನ ಮೇಲೆ ಬೆಳಕು ಬೀಳುವ ಅವಧಿ, ಬೇಕಾಗುತ್ತದೆ. ಮಂದ ಬೆಳಕಿನಲ್ಲಿ ಅದಕ್ಕಾಗಿ ಸೆನ್ಸರಿನ ಗ್ರಹಣಶಕ್ತಿಯಾದ ಐಎಸ್ಒ ಏರಿಸಿದರೆ ಚಿತ್ರದಲ್ಲಿ ಕಾಳುಕಾಳಾದ ಗದ್ದಲ ಕಾಣುವುದಾದರೂ, ಅಲುಗಿದ ಚಿತ್ರಕ್ಕಿಂತ ಅದು ಮೇಲು. ಲೆನ್ಸ್ 400ರಿಂದ 600 ಮಿಲಿಮೀಟರಿನದು ರೂಢಿ. ಹದ್ದು ನಡೆದು ಬರುವ ಮನುಷ್ಯನಿಗಿಂತ ನಿಂತ ಕಾರನ್ನು ಹೆಚ್ಚು ಸಹಿಸುವುದರಿಂದ ಕಾರೇ ಒಳ್ಳೆಯ ಮರೆ. ಆದರೆ ಹೀಟರ್ ಹಾಕಿಕೊಂಡು ಕಿಟಕಿಯಿಂದ ಚಿತ್ರ ತೆಗೆದರೆ, ಹೊರನುಗ್ಗುವ ಬಿಸಿಗಾಳಿ ತಣ್ಣನೆಯ ಗಾಳಿಯೊಡನೆ ಬೆರೆತು ನಡುಗಿ, ಎಂಥ ಬೆಲೆಬಾಳುವ ಲೆನ್ಸಿನ ಚಿತ್ರವನ್ನೂ ಮಸುಕಾಗಿಸುತ್ತದೆ. ಅಂದಹಾಗೆ, ಚಿತ್ರ ತೆಗೆಯಲು ಹೋದವರನ್ನು ಮೊದಲ ದಿನ ನಿರಾಶೆಗೊಳಿಸುವುದು ಹಕ್ಕಿಯ ದನಿ: ಅದು ಕೀಚಲು, ತಡವರಿಸುವ ಸಣ್ಣ ಕೂಗು. ಹಾಲಿವುಡ್ ಚಿತ್ರಗಳಲ್ಲಿ ಈ ಹದ್ದಿನ ಬಾಯಿಗೆ ತುರುಕುವ ಎದೆ ನಡುಗಿಸುವ ಚೀತ್ಕಾರ ಸಾಮಾನ್ಯವಾಗಿ ಕೆಂಪುಬಾಲದ ಗಿಡುಗನದು.

ಕಲ್ಲಿನಂತೆ ಕೂತಿರುವ ಹಕ್ಕಿಯನ್ನು ಎಬ್ಬಿಸಿಯಾದರೂ ಹಾರುವ ಚಿತ್ರ ಪಡೆಯುವ ಆಸೆ ಇಲ್ಲಿಯ ದೊಡ್ಡ ಅಪಾಯ. ಹದ್ದು ಕೂತಿರುವುದು ಸೋಮಾರಿತನದಿಂದಲ್ಲ. ಹಗಲು ಕಿರಿದಾಗಿ, ರಾತ್ರಿ ಉದ್ದವಾಗಿ, ಮೈಯ ಶಾಖ ಕಾಯ್ದುಕೊಳ್ಳಲೆಂದೇ ತಿಂದದ್ದರಲ್ಲಿ ಹೆಚ್ಚಿನ ಪಾಲು ಖರ್ಚಾಗುವ ಕಾಲದಲ್ಲಿ ಬಲವಂತದ ಒಂದೊಂದು ಹಾರಾಟವೂ ಅದರ ಗಂಟಿನಿಂದ ಖರ್ಚಾಗುವ ಶಕ್ತಿ. ಮೈ ತೀಡುವುದನ್ನು ನಿಲ್ಲಿಸಿ ಮನುಷ್ಯನನ್ನೇ ದಿಟ್ಟಿಸುವುದು, ಕೂಗತೊಡಗುವುದು, ಕೊಂಬೆಯ ಮೇಲೆ ಪದೇಪದೇ ಜರುಗುವುದು ಎಲ್ಲವೂ ಹತ್ತಿರ ಬಂದದ್ದು ಹೆಚ್ಚಾಯಿತೆಂಬ ಲಕ್ಷಣಗಳು. ಗೂಡಿನ ಕಾಲದಲ್ಲಿ ಹಾನಿ ಇನ್ನೂ ದೊಡ್ಡದು: ಸುಮಾರು 35 ದಿನ ಕಾವು ಕೊಡುವ ಹಕ್ಕಿ ಬೆದರಿ ಎದ್ದರೆ ಮೊಟ್ಟೆ ತಣ್ಣಗಾಗುತ್ತದೆ. 2007ರ ಸರ್ಕಾರಿ ಮಾರ್ಗಸೂಚಿ, ಕಾಲ್ನಡಿಗೆಯವರು ಗೂಡಿಗೆ ಕಾಣುವಂತಿದ್ದರೆ ಕನಿಷ್ಠ 330 ಅಡಿ, ಎಂದರೆ ಸುಮಾರು 100 ಮೀಟರ್ ದೂರವಿರಬೇಕೆನ್ನುತ್ತದೆ. 1940ರ ಹದ್ದು ಸಂರಕ್ಷಣಾ ಕಾನೂನು ಕೊಲ್ಲುವುದನ್ನಷ್ಟೇ ಅಲ್ಲ, ಹಕ್ಕಿ ಗೂಡು ಬಿಟ್ಟುಹೋಗುವಂತೆ ಕಾಡುವುದನ್ನೂ ಅಪರಾಧವೆಂದು ಎಣಿಸಿ, ಬಿದ್ದ ಗರಿಯನ್ನು ಹೆಕ್ಕಿ ಮನೆಗೊಯ್ಯುವುದನ್ನೂ ನಿಷೇಧಿಸುತ್ತದೆ.

ಆಹಾರ ತೋರಿಸಿ ಹಕ್ಕಿಯನ್ನು ಬಳಿಗೆ ಕರೆಯುವುದು ಇನ್ನೊಂದು ವಿವಾದ. ಅಲಾಸ್ಕಾದ ಹೋಮರ್ ಪಟ್ಟಣದಲ್ಲಿ, ಸಮುದ್ರದೊಳಕ್ಕೆ ಚಾಚಿದ ನೆಲದ ತುದಿಯಲ್ಲಿ ವಾಸವಾಗಿದ್ದ ಜೀನ್ ಕೀನ್ ಎಂಬ ಮಹಿಳೆ 1970ರ ದಶಕದ ಕೊನೆಯಿಂದ ಚಳಿಗಾಲದಲ್ಲಿ ಹದ್ದುಗಳಿಗೆ ಮೀನು ಹಾಕುತ್ತಿದ್ದರು. ಹದ್ದುಗಳು ನೂರುಗಟ್ಟಲೆ ಸೇರತೊಡಗಿದ ಮೇಲೆ ಛಾಯಾಗ್ರಾಹಕರೂ ದೂರದೂರದಿಂದ ಬಂದು, ಪುಸ್ತಕ ಮತ್ತು ಕ್ಯಾಲೆಂಡರುಗಳಲ್ಲಿ ಮೆರೆದ ಎಷ್ಟೋ ಸಮೀಪಚಿತ್ರಗಳನ್ನು ಅಲ್ಲಿ ತೆಗೆದರು. 2006ರಲ್ಲಿ ನಗರಸಭೆ ಹದ್ದುಗಳಿಗೆ ಆಹಾರ ಹಾಕುವುದನ್ನು ನಿಷೇಧಿಸಿದರೂ ಆಕೆಗೆ ಕೆಲವು ವರ್ಷಗಳ ವಿನಾಯಿತಿ ನೀಡಿತು. 2009ರಲ್ಲಿ ಆಕೆ ತೀರಿಕೊಂಡರು. ಆಕೆಯ ಮಮತೆಯನ್ನು ಯಾರೂ ಶಂಕಿಸಲಾರರು. ಆದರೂ ಎಸೆದ ಮೀನಿಗೆ ಬಂದ ಹದ್ದಿನ ಚಿತ್ರ ಎಷ್ಟೇ ಚೂಪಾಗಿದ್ದರೂ, ಹಕ್ಕಿ ಆ ಜಾಗಕ್ಕೆ ಏಕೆ ಬಂದಿತೆಂಬ ಪ್ರಶ್ನೆಗೆ ಅದರಲ್ಲಿ ಸಿಗುವ ಉತ್ತರ ಸುಳ್ಳಿನದು. ಅಂಥ ಚಿತ್ರದ ಅಡಿಬರಹದಲ್ಲಿ ಸಂಗತಿಯನ್ನು ಹೇಳಿಬಿಡುವುದು ಓದುಗರಿಗೆ ಸಲ್ಲಿಸಬೇಕಾದ ಕನಿಷ್ಠ ಸೌಜನ್ಯ.

ಗೂಡಿನ ಬದುಕನ್ನು ಯಾರನ್ನೂ ಕಾಡದೆ ನೋಡುವ ದಾರಿ ಈಗ ಕರ್ನಾಟಕದಲ್ಲಿ ಕೂತವರಿಗೂ ತೆರೆದಿದೆ. ಕ್ಯಾಲಿಫೋರ್ನಿಯಾದ ಬಿಗ್ ಬೇರ್ ಕಣಿವೆಯಲ್ಲಿ ಜಾಕಿ ಮತ್ತು ಶ್ಯಾಡೊ ಎಂದು ಹೆಸರಾದ ಜೋಡಿಯ ಗೂಡನ್ನು ಸ್ಥಿರ ಕ್ಯಾಮೆರಾ ಹಗಲಿರುಳೂ ಅಂತರ್ಜಾಲದಲ್ಲಿ ತೋರಿಸುತ್ತದೆ. 2025ರ ಮಾರ್ಚಿನಲ್ಲಿ ಅಲ್ಲಿ ಮೂರು ಮರಿಗಳು ಹೊರಬಂದು, ಹಿಮಬಿರುಗಾಳಿಯಲ್ಲಿ ಒಂದು ಸತ್ತು, ಉಳಿದೆರಡು ಜೂನ್ ಹೊತ್ತಿಗೆ ಹಾರಿದ್ದನ್ನು ಲೋಕದ ಮೂಲೆಮೂಲೆಗಳಿಂದ ಜನ ನೋಡಿದರು. ಅಲ್ಲಿ ಬೆಳಗಾಗುವುದು ಇಲ್ಲಿ ರಾತ್ರಿಯ ಊಟದ ಹೊತ್ತಿಗೆ.

ಇನ್ನು ನದಿಯಂಚಿನಲ್ಲಿ ತೆಗೆದ ಚಿತ್ರಗಳಿಗೆ ಗೋಡೆಯಲಂಕಾರಕ್ಕೆ ಮೀರಿದ ಉಪಯೋಗವೊಂದಿದೆ. ಕೆಲವು ಹದ್ದುಗಳ ಕಾಲಿಗೆ ಮರಿಯಾಗಿದ್ದಾಗಲೇ ಸಂಖ್ಯೆ ಕೊರೆದ ಲೋಹದ ಉಂಗುರ ತೊಡಿಸಿರುತ್ತಾರೆ. ಹಿಂದೆಲ್ಲ ಹಕ್ಕಿ ಸತ್ತು ಸಿಕ್ಕಾಗ ಮಾತ್ರ ಓದಬಹುದಾಗಿದ್ದ ಆ ಸಂಖ್ಯೆಯನ್ನು, ಇಂದು ಎರಗುತ್ತಿರುವ ಹದ್ದಿನ ಚಿತ್ರವನ್ನು ಹಿಗ್ಗಿಸಿ ಓದುವುದು ಸಾಧ್ಯವಾಗಿದೆ. 2015ರಲ್ಲಿ ನ್ಯೂಯಾರ್ಕ್ ರಾಜ್ಯದ ರಸ್ತೆಯೊಂದರಲ್ಲಿ ವಾಹನ ಬಡಿದು ಸತ್ತ ಹದ್ದಿನ ಉಂಗುರ 1977ರಲ್ಲಿ ತೊಡಿಸಿದ್ದೆಂದು ತಿಳಿದು, ಕಾಡಿನಲ್ಲಿ ಈ ಹಕ್ಕಿ 38 ವರ್ಷ ಬದುಕಬಲ್ಲದೆಂಬುದು ದಾಖಲೆಗೆ ಬಂದಿತು. ಡಿಡಿಟಿಯಿಂದ ಬರಿದಾಗಿದ್ದ ಆ ರಾಜ್ಯದಲ್ಲಿ ಸಂತತಿಯನ್ನು ಮತ್ತೆ ನೆಲೆಗೊಳಿಸಲೆಂದು ಮಿನೆಸೋಟಾದಿಂದ ತಂದ ಮರಿಗಳಲ್ಲಿ ಅದೂ ಒಂದಾಗಿತ್ತು. ಉಂಗುರದ ಸಂಖ್ಯೆಯನ್ನು ಮೇರಿಲ್ಯಾಂಡಿನಲ್ಲಿರುವ ಪಕ್ಷಿ ಉಂಗುರ ಪ್ರಯೋಗಾಲಯಕ್ಕೆ ತಿಳಿಸಿದವರಿಗೆ, ಆ ಹಕ್ಕಿಗೆ ಉಂಗುರ ತೊಡಿಸಿದ್ದು ಎಲ್ಲಿ, ಯಾವಾಗ ಎಂಬ ವಿವರಗಳನ್ನು ನಮೂದಿಸಿದ ಮೆಚ್ಚುಗೆಯ ಪತ್ರವೊಂದು ಬರುತ್ತದೆ.